ಫಿಲ್ಫಿಲಾಳ ಬಳುವಳಿ

ಹಾಜ್ಜಾ ಕರೀಮಾ ಬೀಗರ ಮನೆಗೆ ಬಂದರೆ ಸೋಫಾದ ತುದಿಯಲ್ಲೇ ಕೂರುತ್ತಿದ್ದರು, ಈಗ ಹೊರಟೆ ಎನ್ನುವವರ ಹಾಗೆ. ಆದರೆ ಎರಡನೇ ಲೋಟ ಚಹಾ ಮುಗಿಯದೆ ಏಳುತ್ತಿರಲಿಲ್ಲ. ಅವರ ಮಗ ಹಿಶಾಮ್‌ಗೂ ಈ ಮನೆಯ ದೊಡ್ಡ ಮಗಳು ಮರ್ವಾಗೂ ಮದುವೆ ಗೊತ್ತಾಗಿ ಒಂದು ವರ್ಷ ದಾಟಿತ್ತು. ಗಂಡಿನ ಕಡೆಯವರು ತಮ್ಮ ಕಟ್ಟಡದ ಮೂರನೇ ಮಹಡಿಯ ಮನೆಗೆ ಸುಣ್ಣ ಬಣ್ಣ ಮಾಡಿಸಿ ಮಂಚ, ಬೀರು ತಂದಿಟ್ಟಿದ್ದರು. ಅಡುಗೆಮನೆ, ಹಾಸಿಗೆ ಬಟ್ಟೆ, ಯಂತ್ರಗಳು ಹೆಣ್ಣಿನ ಕಡೆಯವರ ಪಾಲು. ಗಿರಣಿಗಳ ಊರಾದ ಮಹಲ್ಲಾದಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಕ್ರಮ ಅದೇ.

"ಫ್ರಿಜ್ಜು ನೋಡ್ದೆ, ಚೆನ್ನಾಗಿದೆ," ಎಂದರು ಹಾಜ್ಜಾ ಸಕ್ಕರೆ ಕದಡುತ್ತಾ. "ಬಟ್ಟೆ ಒಗೆಯೋ ಮಷೀನು ಯಾವುದು ತಗೊಂಡ್ರಿ ಇನ್ಶಿರಾ?"

ಮರ್ವಾಳ ತಾಯಿ ಇನ್ಶಿರಾ ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದರು. "ತಗೊಂಡಾಯ್ತಲ್ಲ. ಪೂರ್ತಿ ಆಟೋಮ್ಯಾಟಿಕ್. ಬಾಗಿಲು ಮುಂದಿರೋದು."

"ಹತ್ತು ಕಿಲೋದ್ದಾ?"

"ಹತ್ತು ಕಿಲೋದ್ದೇ."

ಅಡುಗೆಮನೆಯಲ್ಲಿ ಮೊಲೊಖಿಯಾ ಸೊಪ್ಪು ಕೊಚ್ಚುತ್ತಿದ್ದ ಮರ್ವಾಳ ಕೈ ನಿಂತಿತು. ಅವಳಿಗಾಗಿ ಎತ್ತಿಟ್ಟಿದ್ದ ಯಂತ್ರದ ಹಣ ಬೇಸಿಗೆಯಲ್ಲಿ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋಗಿತ್ತು. ಮನೆಯಲ್ಲಿ ಇದ್ದ ಹತ್ತು ಕಿಲೋದ ಯಂತ್ರ ಒಂದೇ. ಓಣಿಯ ಹೆಂಗಸರ ಚೀಟಿ ಇನ್ಶಿರಾ ಪಾಲಿಗೆ ಬಂದ ತಿಂಗಳು, ಚಿಕ್ಕ ಮಗಳು ಶುರೂಕ್‌ಳನ್ನು ಜೊತೆಗೆ ಕರೆದುಕೊಂಡು ಹೋಗಿ ಅವಳ ಮದುವೆಗೆಂದು ಆರಿಸಿ ತಂದದ್ದು. ಪೆಟ್ಟಿಗೆ ಒಡೆಯದೆ ಅಜ್ಜಿ ನಫೀಸಾ ಕೋಣೆಯಲ್ಲಿತ್ತು. ಅಜ್ಜಿ ಅದರ ಮೇಲೊಂದು ಹೂವಿನ ಬಟ್ಟೆ ಹಾಸಿ, ರೇಡಿಯೊ, ಕಣ್ಣಿನ ಹನಿ, ಕಡಲೆಕಾಯಿ ಡಬ್ಬ ಇಟ್ಟುಕೊಂಡಿದ್ದರು.

ಬೀಗಿತ್ತಿ ಮೆಟ್ಟಿಲಿಳಿದ ಮೇಲೆ ಮರ್ವಾ ಕೇಳಿದಳು, "ಯಾವ ಮಷೀನ್ ಅಮ್ಮ?"

"ಇನ್ಯಾವುದು? ಅಜ್ಜಿ ಕೋಣೇಲಿರೋದು."

"ಅದು ಶುರೂಕ್‌ದು."

"ಶುರೂಕ್‌ಗೇನು ನಾಳೆ ಮದುವೇನಾ? ಹದಿನೇಳು ವರ್ಷ. ಇನ್ನೊಂದು ಚೀಟಿ ಹಾಕ್ತೀನಿ, ಇನ್ನೊಂದು ಬರುತ್ತೆ."

"ಅವಳಿಗೆ ಹೇಳಿದ್ಯಾ?"

"ಸಾಮಾನು ಸಾಗಿಸೋ ದಿನ ಹೇಳಿದ್ರಾಯ್ತು. ಈಗ ಹೇಳಿದ್ರೆ ಮನೆ ತಲೆ ಮೇಲೆ ಎತ್ಕೋತಾಳೆ. ನೀನೂ ಬಾಯಿ ಮುಚ್ಕೊಂಡಿರು." ಇನ್ಶಿರಾ ಮಗಳ ಕೈಯಿಂದ ಚಾಕು ಕಿತ್ತುಕೊಂಡು ಸೊಪ್ಪು ಕೊಚ್ಚತೊಡಗಿದರು. "ಖಾಲಿ ಕೈಲಿ ಹೋದ್ರೆ ಆ ಕರೀಮಾ ನಿನ್ನ ಜೀವನಪೂರ್ತಿ ಆಡ್ಕೋತಾಳೆ ಕಣೆ. ಗೊತ್ತಾಯ್ತಾ?"

ಮರ್ವಾ ಸೊಪ್ಪಿನ ಮುಂದಿನಿಂದ ಎದ್ದಳು. ಅಕ್ಕಿ ತೊಳೆಯಲು ಹೋದಳು.

ಅವಳಿಗೆ ಇಪ್ಪತ್ತೈದು. ಬೆಳಗ್ಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದರೆ ಹಜಾರದ ಮೂಲೆಯ ಕಂಪ್ಯೂಟರು ಅವಳದು. ಅಲ್ಲಿ ಅವಳು 'ಏಳು ಗೋಪುರ' ಎಂಬ ಆಟ ಆಡುತ್ತಿದ್ದಳು. ಓರಾನಿನಿಂದ ಬಸ್ರಾದವರೆಗೆ ಹಲವು ದೇಶಗಳ ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಅದರೊಳಗೆ ಹೊಸದಾಗಿ ಹುಟ್ಟಿದವರಿಗೆ ಒಂದು ಹರಕು ಅಂಗಿ, ಒಂದು ಮರದ ಕೋಲು ಸಿಗುತ್ತದೆ. ತೋಳ ಹೊಡೆದು, ಕಳ್ಳರನ್ನು ಹೊಡೆದು, ಸತ್ತು ಮತ್ತೆ ಎದ್ದು ಮೇಲೇರಬೇಕು. ಮರ್ವಾಳ ಪಾತ್ರದ ಹೆಸರು ಜರ್ಕಾ. ಶಾಲೆಯ ದಿನಗಳಿಂದ ಆಡಿ ಆಡಿ ಜರ್ಕಾ ಇಪ್ಪತ್ತು ಮಂದಿಯ ದಂಡಿಗೆ ಮುಂದಾಳಾಗಿದ್ದಳು. ಮೈಮೇಲೆ ಮೀನಿನ ಚಿಪ್ಪಿನಂತೆ ಹೊಳೆಯುವ ಕವಚ, ಬೀಸಿದರೆ ನೀಲಿ ಹೊಗೆ ಎಬ್ಬಿಸುವ ಕತ್ತಿ, ಗಾಯ ಮಾಯಿಸುವ ಉಂಗುರ ಎಲ್ಲ ಇದ್ದವು. ಔಷಧಿ ಅಂಗಡಿಯಲ್ಲಿ ಅವಳನ್ನು "ಏ ಹುಡುಗಿ" ಎನ್ನುತ್ತಿದ್ದರು. ಆಟದಲ್ಲಿ ಅಲ್ಜೀರಿಯಾದ ಬಶೀರ್ ಎಂಬ ರೈಲ್ವೆ ಗುಮಾಸ್ತ ಅವಳ ಅಪ್ಪಣೆಯಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ.

ಹಿಶಾಮ್ ಒಳ್ಳೆಯ ಮಾತಿನಲ್ಲೇ ಹೇಳಿದ್ದ, "ಮದುವೆ ಆದ್ಮೇಲೆ ಅದೆಲ್ಲ ಬೇಡ ಮರ್ವಾ. ಯಾರ್ಯಾರೋ ಗಂಡಸರ ಜೊತೆ ಕಿವಿಗೆ ಸಿಕ್ಕಿಸ್ಕೊಂಡು ಮಾತಾಡೋದು, ಅಮ್ಮ ಕೇಳಿದ್ರೆ ಏನಂತಾಳೆ?" ಅವಳು ಒಪ್ಪಿದ್ದಳು.

ಶುರೂಕ್ ಒಂದೆರಡು ತಿಂಗಳ ಹಿಂದೆ ತಾನೂ ಒಂದು ಪಾತ್ರ ಹುಟ್ಟಿಸಿಕೊಂಡಿದ್ದಳು. ಹೆಸರು ಫಿಲ್ಫಿಲಾ, ಅಂದರೆ ಕರಿಮೆಣಸು. ಅಕ್ಕ ಎದ್ದಾಗ ಕುರ್ಚಿಗೆ ಹಾರಿ, ಕೋಲು ಹಿಡಿದು ತೋಳಗಳ ಕೈಲಿ ಕಡಿಸಿಕೊಂಡು, ಕಿರುಚಿ, ನಕ್ಕು ಆಡುತ್ತಿದ್ದಳು.

ಬೀಗಿತ್ತಿ ಬಂದುಹೋದ ಆ ವಾರದಲ್ಲೇ ಮರ್ವಾ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಕಣ್ಮುಚ್ಕೋ," ಎಂದಳು. ಜರ್ಕಾಳನ್ನು ನಗರದ ಹೆಬ್ಬಾಗಿಲಿಗೆ ಕರೆತಂದು, ಒಂದೊಂದೇ ಕಳಚಿ ಫಿಲ್ಫಿಲಾಳ ಚೀಲಕ್ಕೆ ಹಾಕಿದಳು.

"ಈಗ ತೆಗಿ."

ತೆರೆಯ ಮೇಲೆ ಫಿಲ್ಫಿಲಾ ಅಡಿಯಿಂದ ಮುಡಿಯವರೆಗೆ ಹೊಳೆಯುತ್ತಿದ್ದಳು. ಪಕ್ಕದಲ್ಲಿ ಜರ್ಕಾ ಒಳ ಅಂಗಿಯಲ್ಲಿ ನಿಂತಿದ್ದಳು.

"ಅಯ್ಯೋ, ಇದೇನೇ? ಎಲ್ಲಾ ನಂಗಾ?"

"ಎಲ್ಲಾ ನಿಂಗೆ. ನಾನು ಕೋಲು ಹಿಡ್ಕೊಂಡು ಎರಡು ವರ್ಷ ಒದ್ದಾಡಿದೀನಿ. ನೀನ್ಯಾಕೆ ಒದ್ದಾಡ್ಬೇಕು?"

ಶುರೂಕ್ ಅಕ್ಕನ ಕತ್ತು ತಬ್ಬಿ ಕೆನ್ನೆಗೆ ಮುತ್ತಿಟ್ಟಳು. ಮರ್ವಾ ಕಣ್ಣು ಒರೆಸಿಕೊಂಡಳು. ಗೋಡೆಯ ಆಚೆ ಅಜ್ಜಿಯ ರೇಡಿಯೊ ಹಾಡುತ್ತಿತ್ತು.

ಹಳಬರು ಹೊಸಬರನ್ನು ಹೀಗೆ ಸಿಂಗರಿಸಿ ಬಿಡುವುದು ಆ ಆಟದಲ್ಲಿ ಇದ್ದದ್ದೇ. ಅಂಥವರನ್ನು ಉಳಿದ ಹೊಸಬರು 'ಸಾಹುಕಾರರ ಕೂಸು' ಎನ್ನುತ್ತಿದ್ದರು. ಮೊದಲ ವಾರ ಶುರೂಕ್‌ಗೆ ಹಬ್ಬ. ಎಳೆಯರ ಅಖಾಡದಲ್ಲಿ ಅವಳು ಕತ್ತಿ ಒಮ್ಮೆ ಬೀಸಿದರೆ ಎದುರಿನವರು ಉದುರಿಹೋಗುತ್ತಿದ್ದರು. ಎರಡನೇ ವಾರ ಅವಳು ಅಖಾಡದೊಳಗೆ ಬಂದರೆ ಸಾಕು, ಎದುರಿನವರು ಕೋಲು ಕೆಳಗಿಟ್ಟು ಹೊರಟುಹೋಗುತ್ತಿದ್ದರು. ತೋಳ ಹೊಡೆಯಲು ಜೊತೆಗೆ ಬರುತ್ತಿದ್ದ ಸುಯೆಜಿನ ಇಬ್ಬರು ಹುಡುಗಿಯರು, ನೀನಿದ್ದರೆ ನಮಗೆ ಮಾಡಲು ಏನೂ ಇರುವುದಿಲ್ಲ ಎಂದು ಬಿಟ್ಟುಹೋದರು.

ಜೊತೆಗೆ ಅಕ್ಕನ ಕಾಟ. ಮರ್ವಾ ಬೀನ್ಸ್ ಸೋಸುತ್ತಾ ಕುರ್ಚಿಯ ಹಿಂದೆಯೇ ನಿಂತಿರುತ್ತಿದ್ದಳು.

"ಅಲ್ಲಲ್ಲ, ಆ ಕಡೆ ಹೋಗ್ಬೇಡ. ಉಂಗುರ ತಿರುಗ್ಸು. ತಿರುಗ್ಸೇ!"

"ಆಡ್ತಿರೋದು ನಾನಾ ನೀನಾ?"

"ಕವಚಕ್ಕೆ ಗೀರು ಬಿತ್ತು ನೋಡು. ಕಮ್ಮಾರನ ಹತ್ರ ಹೋಗಿ ಸರಿಮಾಡ್ಸು. ಮೂರು ತಿಂಗಳು ಕಾದು ತಗೊಂಡ ಕವಚ ಅದು."

"ಹಂಗಾದ್ರೆ ನೀನೇ ಹಾಕ್ಕೋ!"

"ಲೇ, ಊಟಕ್ಕೆ ಬರ್ತೀರೋ ಇಲ್ವೋ?" ಎಂದು ಅಪ್ಪ ರಮದಾನ್ ಒಳಗಿನಿಂದ ಕೂಗುತ್ತಿದ್ದರು. ಬಟ್ಟೆ ಗಿರಣಿಯಲ್ಲಿ ಹಗಲೆಲ್ಲ ಮಗ್ಗಗಳ ಸದ್ದಿನಲ್ಲಿದ್ದು ಬಂದ ಅವರಿಗೆ ಮನೆಯ ಯಾವ ಜಗಳವೂ ಜೋರಾಗಿ ಕೇಳುತ್ತಿರಲಿಲ್ಲ. ರೊಟ್ಟಿ ಮುರಿದು ಬೇಳೆಗೆ ಅದ್ದಿ ಸುಮ್ಮನೆ ತಿನ್ನುತ್ತಿದ್ದರು.

ಆಮೇಲೆ ದಂಡಿನ ಸರದಿ ಬಂತು. ನಾಲ್ಕನೇ ಗೋಪುರದ ಕಾವಲು ಮೃಗವನ್ನು ಹೊಡೆಯಲು ಚಿಪ್ಪಿನ ಕವಚ ತೊಟ್ಟವರೊಬ್ಬರು ಮುಂದೆ ನಿಲ್ಲಬೇಕಿತ್ತು. ಮರ್ವಾ ಬಶೀರ್‌ಗೆ ಹೇಳಿ ತಂಗಿಯನ್ನು ಸೇರಿಸಿದಳು. ಶುರೂಕ್ ಬೇಡ ಎಂದಳು, ನನಗೆ ಬರುವುದಿಲ್ಲ ಎಂದಳು.

"ಕವಚ ಇದೆಯಲ್ಲ, ಭಯ ಯಾಕೆ? ನಿಂತ್ಕೊಂಡ್ರೆ ಸಾಕು."

ನಿಂತರೆ ಸಾಕಾಗಲಿಲ್ಲ. ಮೃಗ ತಿರುಗಿದಾಗ ಯಾವ ಕಡೆ ಸರಿಯಬೇಕೆಂದು ಶುರೂಕ್‌ಗೆ ತಿಳಿಯಲಿಲ್ಲ. ಅವಳು ಹಿಂದಕ್ಕೆ ಓಡಿದಳು. ಹಿಂದಿದ್ದ ಹತ್ತೊಂಬತ್ತು ಮಂದಿಯೂ ಸತ್ತರು. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಯಂತ್ರದಿಂದ ಆರು ಊರಿನ ಬೈಗುಳ ಒಟ್ಟಿಗೆ ಬಂತು. ಅವುಗಳಲ್ಲಿ ಒಂದು ದನಿ, "ಅಕ್ಕನ ಬಟ್ಟೆ ಹಾಕ್ಕೊಂಡ್ರೆ ಅಕ್ಕ ಆಗ್ತಾರಾ?" ಎಂದಿತು.

ಶುರೂಕ್ ಕಿವಿಯದನ್ನು ಕಿತ್ತು ಮೇಜಿನ ಮೇಲೆ ಎಸೆದು, ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಮರ್ವಾ ಬಾಗಿಲು ತಟ್ಟಿದಳು. "ಅಳ್ಬೇಡ ಕಣೆ, ನಾನು ಹೇಳ್ಕೊಡ್ತೀನಿ."

"ನೀನು ಹೇಳ್ಕೊಡೋದು ನಿಲ್ಸಿದ್ರೆ ಸಾಕು!" ಎಂದಳು ಒಳಗಿನಿಂದ.

ಇದಾದ ಕೆಲವು ದಿನಕ್ಕೆ ಎಲ್ಲರೂ ಕೂತು ಎಲೆಕೋಸಿನ ಮಹ್ಶಿ ಸುತ್ತುತ್ತಿದ್ದರು. ನೆಲದ ಮೇಲೆ ಹಳೆಯ ಪತ್ರಿಕೆ, ಮಧ್ಯದಲ್ಲಿ ಅಕ್ಕಿ ಮತ್ತು ಟೊಮೇಟೊದ ಬೋಗುಣಿ. ಇನ್ಶಿರಾ ಬೆಂದ ಎಲೆ ಬಿಡಿಸುತ್ತಿದ್ದರು. ಅಕ್ಕತಂಗಿಯರು ಬೆರಳಿನಷ್ಟು ದಪ್ಪಕ್ಕೆ ಸುತ್ತಿ ಪಾತ್ರೆಯಲ್ಲಿ ಜೋಡಿಸುತ್ತಿದ್ದರು. ಅಜ್ಜಿ ನಫೀಸಾ ಬಾಗಿಲ ಬಳಿ ನಿಂತು ಗೊಣಗಿದರು.

"ನನ್ನ ರೇಡಿಯೊ ಎಲ್ಲಿಡ್ಲಿ ಅಂತ ಯಾರಾದ್ರೂ ಯೋಚ್ನೆ ಮಾಡಿದ್ರಾ? ನೆಲದ ಮೇಲಿಟ್ಟಿದೀರ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು."

"ಯಾಕಜ್ಜಿ, ಪೆಟ್ಟಿಗೆ ಮೇಲೆ ಇತ್ತಲ್ಲ?" ಎಂದಳು ಶುರೂಕ್.

"ಪೆಟ್ಟಿಗೆ ಎಲ್ಲಿದೆ? ಬೆಳಗ್ಗೆ ನೀನು ಪಾಠಕ್ಕೆ ಹೋದಾಗ ನಿಮ್ಮಪ್ಪ, ಕೆಳಗಿನ ಅಂಗಡಿಯವನು ಸೇರ್ಕೊಂಡು ಇಳಿಸಿದ್ರು. ಮದುಮಗಳ ಸಾಮಾನಿನ ಜೊತೆ ಇಡ್ಬೇಕಂತೆ."

ಇನ್ಶಿರಾ ಅತ್ತೆಯ ಕಡೆ ಕಣ್ಣು ಬಿಟ್ಟರು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಅದು ಕಾಣಲಿಲ್ಲವೋ, ಕಂಡೂ ಕಾಣದಂತಿದ್ದರೋ.

ಶುರೂಕ್ ಕೈಯಲ್ಲಿದ್ದ ಎಲೆಯನ್ನು ಬೋಗುಣಿಗೆ ಹಾಕಿದಳು. "ಅಮ್ಮ?"

"ಕೂತ್ಕೊಂಡು ಕೇಳು—"

"ನಂದು ಅದು! ನಾನೇ ಆರಿಸಿದ್ದು!"

"ನಿಂದೇ ಕಣೆ. ನಿಂಗೆ ಇನ್ನೊಂದು ಬರುತ್ತೆ. ಈಗ ಅಕ್ಕನ ಮರ್ಯಾದೆ ಪ್ರಶ್ನೆ."

"ಯಾವಾಗ ಅಕ್ಕನ ಮರ್ಯಾದೆ ಪ್ರಶ್ನೆ ಇರಲಿಲ್ಲ? ಸ್ಕೂಲಿನ ಕೋಟು ಅವಳದು. ಫೋನು ಅವಳು ಬಿಟ್ಟಿದ್ದು. ಪುಸ್ತಕ ತೆಗೆದ್ರೆ ಉತ್ತರ ಎಲ್ಲ ಅವಳೇ ಬರ್ದಿರ್ತಾಳೆ. ಈ ಮನೇಲಿ ಯಾರೂ ಮುಟ್ಟದೇ ಇರೋ ನನ್ನ ವಸ್ತು ಅದೊಂದೇ ಇತ್ತು." ಅವಳು ಮರ್ವಾಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

ಮರ್ವಾ ಸುತ್ತಿದ್ದ ಮಹ್ಶಿಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ಕೇಳಿದ್ದು ನಿನ್ನನ್ನೇ. ಯಾವಾಗಿಂದ ಗೊತ್ತಿತ್ತು?"

"ಹಾಜ್ಜಾ ಬಂದಿದ್ರಲ್ಲ, ಆವತ್ತಿಂದ."

ಶುರೂಕ್ ಬೆರಳಿಗಂಟಿದ ಅಕ್ಕಿಯನ್ನು ಪತ್ರಿಕೆಗೆ ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಕತ್ತಿ ಕೊಟ್ಟಿದ್ದು ಅದಾದ್ಮೇಲೆ ಅಲ್ವಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದೆ. ನಂಗೆ ಅಂತ ಇಟ್ಟಿದ್ದ ಬಳುವಳಿ ತಗೊಂಡು, ಫಿಲ್ಫಿಲಾಗೆ ಬಳುವಳಿ ಕೊಟ್ಟೆ. ಭಲೇ ವ್ಯಾಪಾರ ಅಕ್ಕ. ನಾನು ಮುತ್ತು ಬೇರೆ ಕೊಟ್ಟೆ ನಿಂಗೆ."

"ನನ್ನ ಏಳು ವರ್ಷ ಕಣೆ ಅದು! ಅದಕ್ಕೆ ಬೆಲೆ ಇಲ್ವಾ?"

"ನಾನು ಕೇಳಿದ್ನಾ?"

ಇನ್ಶಿರಾ ಎಲೆಯಿಂದ ನೆಲ ಬಡಿದರು. "ಸಾಕು ಮಾಡ್ತೀರಾ? ಯಾವ ಕತ್ತಿ, ಯಾವ ಫಿಲ್ಫಿಲಾ? ಇಲ್ಲಿ ಮದುವೆ ನಡೀಬೇಕು!" ಶುರೂಕ್ ಆಗಲೇ ಎದ್ದು ಹೋಗಿದ್ದಳು. ಆ ದಿನ ಮಹ್ಶಿ ಮಿಕ್ಕಿತು. ಆ ಮನೆಯಲ್ಲಿ ಅದು ಯಾವತ್ತೂ ಮಿಕ್ಕಿರಲಿಲ್ಲ.

ಮಾರನೆಯ ದಿನ ಮರ್ವಾ ಅಂಗಡಿಯಲ್ಲಿ ಒಬ್ಬ ಮುದುಕನಿಗೆ ರಕ್ತದೊತ್ತಡದ ಮಾತ್ರೆ ಎಣಿಸಿ ಕೊಡುತ್ತಿದ್ದಾಗ ಬಶೀರ್‌ನ ಸಂದೇಶ ಬಂತು. "ನಿನ್ನ ತಂಗಿಗೆ ಹುಚ್ಚು ಹಿಡಿದಿದೆಯಾ? ಹೆಬ್ಬಾಗಿಲಿಗೆ ಬೇಗ ಬಾ."

ತಲೆನೋವೆಂದು ಹೇಳಿ ಅವಳು ಅಂಗಡಿ ಬಿಟ್ಟು ಓಡಿದಳು. ಟುಕ್‌ಟುಕ್ ಗಾಡಿಯವನು ತಿರುವುಗಳಲ್ಲಿ ನಿಧಾನ ಮಾಡಿದಾಗಲೆಲ್ಲ ಅವನ ಬೆನ್ನಿಗೆ ಬೈದಳು. ಮನೆಗೆ ಬಂದಾಗ ಶುರೂಕ್ ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತಿದ್ದಳು. ತೆರೆಯ ಮೇಲೆ ನಗರದ ಹೆಬ್ಬಾಗಿಲು, ಅದರ ಮುಂದೆ ಹರಕು ಅಂಗಿಯ ಎಳೆಯರ ಗುಂಪು. ಆಗಷ್ಟೇ ಹುಟ್ಟಿದವರು, ಕೋಲು ಹಿಡಿದವರು. ಫಿಲ್ಫಿಲಾಳ ಮೈಮೇಲೆ ಕವಚವಿರಲಿಲ್ಲ, ಕೈಯಲ್ಲಿ ಕತ್ತಿಯಿರಲಿಲ್ಲ.

"ಎಲ್ಲಿ?" ಎಂದಳು ಮರ್ವಾ. ಕುರ್ಚಿಯ ಬೆನ್ನು ಹಿಡಿದಳು. "ಎಲ್ಲಿ ಎಲ್ಲಾ?"

"ಕೊಟ್ಟೆ. ಕತ್ತಿ ಯಾವನೋ ಯೆಮೆನಿನವನಿಗೆ. ಕವಚ ಒಬ್ಬಳಿಗೆ, ಹೆಸರು ಓದೋಕೂ ಆಗ್ಲಿಲ್ಲ. ಬೂಟು, ಕೈಗವಚ ಎಲ್ಲ ಒಂದೊಂದು ಮಗುಗೆ." ಅವಳು ಗುಂಡಿ ಒತ್ತಿದಳು. ಗುಂಪಿನಲ್ಲಿದ್ದ ಒಂದು ಪುಟ್ಟ ಪಾತ್ರ ಕುಣಿಯತೊಡಗಿತು. "ಇದು ಉಂಗುರ. ಮುಗೀತು."

"ವಾಪಸ್ ತಗೋ! ಈಗ್ಲೇ ಕೇಳು ಅವರನ್ನ!"

"ಕೊಟ್ಟಿದ್ದು ವಾಪಸ್ ಕೇಳ್ತಾರಾ? ನೀನೇ ಹೇಳು. ನನ್ನ ಮಷೀನ್ ವಾಪಸ್ ಕೇಳ್ಲಾ?"

ಮರ್ವಾ ಅವಳ ಕೆನ್ನೆಗೆ ಹೊಡೆದಳು. ಹೊಡೆದ ಮೇಲೆ ತನ್ನ ಕೈಯನ್ನು ತಾನೇ ನೋಡಿದಳು. ತಂಗಿಗೆ ಅವಳು ಹಿಂದೆಂದೂ ಹೊಡೆದಿರಲಿಲ್ಲ.

ಅಡುಗೆಮನೆಯಿಂದ ಓಡಿ ಬಂದ ಇನ್ಶಿರಾ ಇಬ್ಬರ ನಡುವೆ ನಿಂತರು. ಶುರೂಕ್ ಅಳಲಿಲ್ಲ. ಕುರ್ಚಿಯಿಂದ ಎದ್ದು, "ತಗೋ, ಕೂತ್ಕೋ. ಇದೂ ನಿಂದೇ ಅಲ್ವಾ?" ಎಂದು ಕುರ್ಚಿಯನ್ನು ಅಕ್ಕನ ಕಡೆ ತಳ್ಳಿ ಹೋದಳು.

ಅಲ್ಲಿಂದ ಮುಂದೆ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯ ಫೂಲ್ ಎಂಬ ಬೇಯಿಸಿದ ಕಾಳು ತಿಂದು, ಉಪ್ಪು ಬೇಕಾದರೆ ತಾಯಿಯ ಮೂಲಕ ಕೇಳುತ್ತಿದ್ದರು. "ಅಮ್ಮ, ಉಪ್ಪು ಕೊಡೋಕೆ ಹೇಳು." "ಅಮ್ಮ, ಅಲ್ಲೇ ಇದೆ ಅಂತ ಹೇಳು." ಅಜ್ಜಿಗೆ ಸಿಟ್ಟು ಬಂತು. "ನಾನೇ ಹೇಳ್ತೀನಿ ಕೇಳ್ರೇ. ಅವಳ ಯಂತ್ರಾನ ನನ್ನ ಕಣ್ಣು ತಿಂತು, ಇವಳ ಯಂತ್ರಾನ ಅವಳು ತಿಂತಾಳೆ. ನನ್ನ ಕಣ್ಣೇ ಕಿತ್ಕೊಳ್ಳಿ, ಎಲ್ರಿಗೂ ಸಮಾಧಾನ ಆಗ್ಲಿ!"

"ಅಮ್ಮಾ, ಬೆಳಬೆಳಗ್ಗೆ ಏನ್ ಮಾತು," ಎಂದು ರಮದಾನ್ ರೊಟ್ಟಿ ಕೆಳಗಿಟ್ಟರು. ಅಷ್ಟೇ ಹೇಳಿ ಗಿರಣಿಗೆ ಹೊರಟರು.

ಮರ್ವಾಗೆ ಕೆಲಸ ರಾಶಿ ಇತ್ತು. ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ, ಗಾಜಿನ ಲೋಟಗಳಿಗೆ ಕಾಗದ, ಪರದೆಗಳಿಗೆ ಅಂಚು. ಒಂದೆರಡು ಸಲ ಕಂಪ್ಯೂಟರು ಹಾಕಿ ನೋಡಿದಳು. ಜರ್ಕಾ ಬರಿಗೈಯಲ್ಲಿ ನಿಂತಿದ್ದಳು. ದಂಡು ಬೇರೆ ಮುಂದಾಳನ್ನು ಆರಿಸಿಕೊಂಡಿತ್ತು. ಅವಳು ಕಂಪ್ಯೂಟರನ್ನು ಆಫ್ ಮಾಡಿದಳು. ಮದುವೆಗೆಂದು ಬಿಡಬೇಕಿದ್ದ ಆಟ ತಾನಾಗಿಯೇ ಬಿಟ್ಟುಹೋಗಿತ್ತು, ಆದರೂ ರಾತ್ರಿಯ ಊಟ ಅವಳಿಗೆ ಸೇರುತ್ತಿರಲಿಲ್ಲ. ತಂಗಿಯ ಮಾತು ಸುಳ್ಳೆಂದು ಅವಳು ತನಗೆ ತಾನೇ ಹಲವು ಸಲ ಹೇಳಿಕೊಂಡಳು. ಹಾಜ್ಜಾ ಬರದೇ ಇದ್ದಿದ್ದರೆ ಅಷ್ಟನ್ನೂ ಅವಳಿಗೆ ಕೊಡುತ್ತಿದ್ದೆನಾ ಎಂದು ಕೇಳಿಕೊಂಡಾಗಲೆಲ್ಲ ಇಸ್ತ್ರಿಯಾದ ಬಟ್ಟೆಗೇ ಮತ್ತೆ ಇಸ್ತ್ರಿ ಹಾಕುತ್ತಿದ್ದಳು.

ಸಾಮಾನು ಸಾಗಿಸುವ ದಿನ ಓಣಿ ತುಂಬ ಡೋಲು, ಹಾರ್ನು. ಮೂರು ಗಾಡಿಗಳ ಮೇಲೆ ಹಾಸಿಗೆ, ಫ್ರಿಜ್ಜು, ಪಾತ್ರೆ, ಎಲ್ಲಕ್ಕೂ ಮೇಲೆ ಕಾಣುವ ಹಾಗೆ ಕಟ್ಟಿದ ಯಂತ್ರದ ಪೆಟ್ಟಿಗೆ. ನೆರೆಯ ಹೆಂಗಸರು ಕಿಟಕಿಗಳಿಂದ ಶುಭಕ್ಕೆಂದು ನಾಲಗೆ ಕುಣಿಸಿ ಉಲಿಯುತ್ತಿದ್ದರು. ಶುರೂಕ್ ಗಾಡಿ ಹತ್ತಲಿಲ್ಲ. ಅಜ್ಜಿಯನ್ನು ಒಬ್ಬರನ್ನೇ ಬಿಟ್ಟು ಬರಲು ಆಗುವುದಿಲ್ಲ ಎಂದಳು. ಕಿಟಕಿಗೂ ಬರಲಿಲ್ಲ.

ಹಿಶಾಮ್‌ನ ಕಟ್ಟಡದಲ್ಲಿ ಮೊದಲ ಮಹಡಿ ಅವನ ತಾಯಿಯದು. ಹಮಾಲಿ ಪಟ್ಟಿಯನ್ನು ಹಣೆಗೆ ಕೊಟ್ಟು ಯಂತ್ರ ಹೊತ್ತು ಅಲ್ಲಿಗೆ ಬಂದಾಗ ಹಾಜ್ಜಾ ಕರೀಮಾ ತಮ್ಮ ಬಾಗಿಲನ್ನು ಅಗಲವಾಗಿ ತೆರೆದರು.

"ಇಲ್ಲೇ ಇಳಿಸಪ್ಪ. ಒಳಗೆ, ಬಚ್ಚಲ ಪಕ್ಕ."

ಹಿಂದೆ ಬರುತ್ತಿದ್ದ ಮರ್ವಾ ನಿಂತಳು. "ಮೂರನೇ ಮಹಡಿ ಹಾಜ್ಜಾ."

"ಗೊತ್ತಮ್ಮ. ಮೇಲೆ ನೀರು ಸರಿಯಾಗಿ ಏರಲ್ಲ. ಇಲ್ಲಿದ್ರೆ ಎಲ್ರಿಗೂ ಆಗುತ್ತೆ. ನೀನು ಇಳಿದು ಬಂದು ಹಾಕ್ಕೋ. ನನ್ನ ಹಳೇದು ನಾದಿನಿ ಮನೆಗೆ ಕೊಟ್ಟುಬಿಡ್ತೀನಿ ಅಂತ ಮಾತು ಕೊಟ್ಟಾಗಿದೆ."

ಹಮಾಲಿ ಬಾಗಿದ ಬೆನ್ನಲ್ಲೇ ಕಾಯುತ್ತಿದ್ದ. ಅವನ ಗಲ್ಲದಿಂದ ಬೆವರು ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ಇನ್ಶಿರಾ ಮಗಳ ತೋಳು ಹಿಡಿದು ಒತ್ತಿದರು. ಬಾಯಿ ಬಿಡಬೇಡ ಎಂಬ ಒತ್ತು ಅದು.

"ಕೆಳಗಿಳಿಸಿ," ಎಂದಳು ಮರ್ವಾ ಹಮಾಲಿಗೆ.

"ಅದೇ, ಒಳಗೆ—" ಎಂದರು ಹಾಜ್ಜಾ.

"ಒಳಗಲ್ಲ. ಗಾಡಿಗೆ. ಅದು ನನ್ನದಲ್ಲ ಹಾಜ್ಜಾ, ನನ್ನ ತಂಗಿದು. ತಪ್ಪಿ ಬಂದಿದೆ."

ಕೆಳಗೆ ಡೋಲಿನವನು ಏನೂ ತಿಳಿಯದೆ ಬಾರಿಸುತ್ತಲೇ ಇದ್ದ. ಹಾಜ್ಜಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ತಂಗೀದಾ? ಇನ್ಶಿರಾ, ಏನಿದು? ಹತ್ತು ಕಿಲೋ, ತಗೊಂಡಾಯ್ತು ಅಂದ್ರಲ್ಲ ನನ್ನೆದುರಿಗೆ?"

ಇನ್ಶಿರಾ ಮಗಳ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದರು. "ಅವಳಿಗೆ ಆಯಾಸ... ಏನೋ ಹೇಳ್ತಾಳೆ..."

"ಆಯಾಸ ಇಲ್ಲಮ್ಮ. ನಾನು ಸುಮ್ಮನಿದ್ದೆ, ಅದು ತಪ್ಪಾಯ್ತು. ನನ್ನ ಹತ್ರ ಮಷೀನ್ ಇಲ್ಲ ಹಾಜ್ಜಾ. ಕೈಯಲ್ಲಿ ಒಗೀತೀನಿ."

"ಕೇಳಿದ್ಯೇನೋ?" ಹಾಜ್ಜಾ ಮೇಲಿನ ಮೆಟ್ಟಿಲಲ್ಲಿ ಸಿಗರೇಟು ಹಿಡಿದು ನಿಂತಿದ್ದ ಮಗನನ್ನು ನೋಡಿದರು. "ಇನ್ನೂ ಹೊಸಿಲು ದಾಟಿಲ್ಲ, ಆಗ್ಲೇ ಬಾಗಿಲಲ್ಲಿ ನಿಂತು ನಂಗೆ ಅವಮಾನ ಮಾಡ್ತಿದಾಳೆ. ಏನಾದ್ರೂ ಹೇಳ್ತೀಯೋ ಇಲ್ವೋ?"

ಹಿಶಾಮ್ ತಾಯಿಯನ್ನು ನೋಡಿದ, ಮರ್ವಾಳನ್ನು ನೋಡಿದ. ಮರ್ವಾ ಕಣ್ಣು ಕೆಳಗಿಳಿಸಲಿಲ್ಲ. ಮದುವೆ ಇಲ್ಲೇ, ಈ ಮೆಟ್ಟಿಲಲ್ಲೇ ಮುರಿದುಬೀಳಬಹುದೆಂದು ಅವಳಿಗೆ ಗೊತ್ತಿತ್ತು. ಗೋಡೆಗೆ ಒರಗಿದರೆ ಬಣ್ಣ ಅಂಟುತ್ತದೆಂದು ಒರಗದೆ ನಿಂತಳು.

ಹಿಶಾಮ್ ಸಿಗರೇಟನ್ನು ಚಪ್ಪಲಿಯಡಿ ಹೊಸಕಿದ. ನಾಲ್ಕು ಮೆಟ್ಟಿಲು ಇಳಿದು ಬಂದು, ಪೆಟ್ಟಿಗೆಯ ಕೆಳಗಿನ ತುದಿಗೆ ಕೈಕೊಟ್ಟ.

"ಹಿಶಾಮ್!"

"ಅವನ ಬೆನ್ನು ಮುರಿಯುತ್ತೆ ಅಮ್ಮ. ಮೊದ್ಲು ಇಳಿಸ್ತೀವಿ," ಎಂದ ತಲೆಯೆತ್ತದೆ.

ಇಷ್ಟು ಹೊತ್ತೂ ಪಕ್ಕದಲ್ಲಿ ಕುಕ್ಕರು ಹಿಡಿದು ನಿಂತಿದ್ದ ರಮದಾನ್ ಗಂಟಲು ಸರಿಮಾಡಿಕೊಂಡರು. "ತಿರುವಿನಲ್ಲಿ ಹುಷಾರು ಮಗಾ," ಎಂದರು ಅಳಿಯನಾಗುವವನಿಗೆ. "ಮೂಲೆ ತಾಗೀತು."

ಮದುವೆ ನಡೆಯಿತು. ಹಾಜ್ಜಾ ಕರೀಮಾ ಬಂದರು, ಫೋಟೋಗೆ ನಿಂತರು, ನಗಲಿಲ್ಲ. ಶುರೂಕ್ ಅಕ್ಕನ ಮುಸುಕಿಗೆ ಪಿನ್ನು ಚುಚ್ಚಿಕೊಟ್ಟಳು, ಮಾತಾಡಲಿಲ್ಲ. ಇನ್ಶಿರಾ ಹಲವು ದಿನ ದೊಡ್ಡ ಮಗಳ ಹೆಸರು ಬಂದಾಗಲೆಲ್ಲ ಹಣೆ ಚಚ್ಚಿಕೊಂಡರು. ಮರ್ವಾ ಮೂರನೇ ಮಹಡಿಯ ಬಚ್ಚಲಲ್ಲಿ ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಡನ ಸಿಮೆಂಟು ಮೆತ್ತಿದ ಪ್ಯಾಂಟುಗಳನ್ನು ಒಗೆದಳು. ಅವನು ನೆಲಕ್ಕೆ ಹಾಸುಗಲ್ಲು ಕೂರಿಸುವ ಕೆಲಸದವನು. ಒಂದು ಪ್ಯಾಂಟಿಗೆ ಮೂರು ನೀರು ಬೇಕಿತ್ತು. ಅತ್ತೆ ಮೆಟ್ಟಿಲಲ್ಲಿ ಎದುರಾದರೆ ಸಲಾಮಿಗೆ ಸಲಾಮು, ಅಷ್ಟೇ.

ಮೂರನೆಯ ಶುಕ್ರವಾರ ಅವಳು ತವರಿಗೆ ಊಟಕ್ಕೆ ಬಂದಳು. ಹುರಿದ ಬಾತುಕೋಳಿ, ಅನ್ನ. ಊಟವಾದ ಮೇಲೆ ಬಚ್ಚಲ ಕಡೆಯಿಂದ ಗುಯ್‌ಗುಡುವ ಸದ್ದು ಬಂತು. ಮೂಲೆಯಲ್ಲಿ ಯಂತ್ರ ಓಡುತ್ತಿತ್ತು. "ಪೆಟ್ಟಿಗೆ ಒಡೆದುಬಿಟ್ಟೆ," ಎಂದರು ಇನ್ಶಿರಾ ಮುಖ ತಿರುಗಿಸಿ. "ಇವಳೇ ಒಡಿ ಅಂದ್ಳು. ಇಡೀ ಊರು ನೋಡಾಯ್ತಲ್ಲ, ಇನ್ನು ಯಾರಿಗೆ ಅಂತ ಬಚ್ಚಿಡ್ಲಿ?"

ಶುರೂಕ್ ಕಂಪ್ಯೂಟರಿನ ಮುಂದಿದ್ದಳು. ಮರ್ವಾ ಹೋಗಿ ಪಕ್ಕದ ಸ್ಟೂಲಿನ ಮೇಲೆ ಕೂತಳು. ಫಿಲ್ಫಿಲಾ ಚರ್ಮದ ಒಂದು ಹಳೇ ಅಂಗಿ, ತುಕ್ಕು ಹಿಡಿದ ಕೊಡಲಿಯಲ್ಲಿದ್ದಳು. ಜೊತೆಯಲ್ಲಿ ಸುಯೆಜಿನ ಇಬ್ಬರು ಹುಡುಗಿಯರು. ಮೂವರೂ ಸೇರಿ ಕರಡಿಯೊಂದನ್ನು ಕೆಣಕಿದರು. ತಪ್ಪಾದ ಕಡೆಯಿಂದ ಕೆಣಕಿದ್ದರು. ಮರ್ವಾಳ ತುಟಿ ಅಲುಗಿತು. ಅವಳು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಸುಮ್ಮನೆ ನೋಡಿದಳು. ಕರಡಿ ಮೂವರನ್ನೂ ಹೊಡೆದು ಬೀಳಿಸಿತು. ಆ ಹುಡುಗಿಯರು ಕಿವಿಯಂತ್ರದಲ್ಲಿ ಬಿದ್ದು ಬಿದ್ದು ನಗುವುದು ಹೊರಗೂ ಕೇಳಿಸಿತು.

"ಹೇಳ್ಬಿಡು," ಎಂದಳು ಶುರೂಕ್ ತಿರುಗದೆ. "ನಾಲಗೆ ಕಚ್ಕೊಂಡು ಸಾಯ್ಬೇಡ."

"ಏನೂ ಇಲ್ಲ."

"ಸುಳ್ಳಿ." ಶುರೂಕ್ ಈಗ ತಿರುಗಿದಳು. ಅಕ್ಕನ ಮುಖ ನೋಡುವ ಮೊದಲು ಅವಳ ಕೈ ನೋಡಿದಳು. ಸೋಪಿಗೆ ಬೆರಳ ಸಂದುಗಳು ಕೆಂಪಾಗಿ ಒಡೆದಿದ್ದವು. ಒಂದು ಕೈ ಎತ್ತಿಕೊಂಡು ಮಗುಚಿ ನೋಡಿ, ಅಲ್ಲೇ ಬಿಟ್ಟಳು.

"ಹೊಡೆದಿದ್ದಕ್ಕೆ..." ಎಂದು ಮರ್ವಾ ಶುರುಮಾಡಿದಳು.

"ನೆನಪಿದೆ. ನಿಧಾನಕ್ಕೆ ತೀರಿಸ್ಕೋತೀನಿ." ಶುರೂಕ್ ಮತ್ತೆ ತೆರೆಯ ಕಡೆ ತಿರುಗಿದಳು. "ಮುಂದಿನ ಶುಕ್ರವಾರ ಬಟ್ಟೆ ಗಂಟು ಕಟ್ಕೊಂಡು ಬಾ. ಹತ್ತು ಕಿಲೋ ಹಿಡಿಯುತ್ತೆ, ನಮ್ಮನೆ ಬಟ್ಟೆ ಹಾಕಿದ್ರೂ ಜಾಗ ಉಳಿಯುತ್ತೆ."

"ಹಿಶಾಮ್‌ದೂ ತರ್ಲಾ?"

"ಅವನದು ಅವನೇ ಹೊತ್ಕೊಂಡು ಬರ್ಲಿ."

ಮುಂದಿನ ಶುಕ್ರವಾರ ಹಿಶಾಮ್ ಎರಡು ಗಂಟು ಹೊತ್ತು, ಮೊದಲ ಮಹಡಿಯಲ್ಲಿ ತಾಯಿಯ ತೆರೆದ ಬಾಗಿಲಿನ ಮುಂದಿನಿಂದಲೇ ಇಳಿದು ಬಂದ. ಮಾವನಿಗೆ ಸಲಾಮು ಮಾಡಿ, ಅತ್ತೆ ತಂದ ಚಹಾವನ್ನು ಮುಟ್ಟದೆ, ಗಂಟುಗಳನ್ನು ಹೆಗಲಿಂದ ಇಳಿಸದೆ, ಬಚ್ಚಲು ಯಾವ ಕಡೆ ಎಂದು ಶುರೂಕ್‌ಳನ್ನು ಕೇಳಿದ.